ದ್ರವ್ಯ ತರಂಗದ ತರಂಗಾಂತರ: ಲೆಕ್ಕ ಹಾಕುವ ಕ್ರಮ, ಅರ್ಥ ಮಾಡಿಕೊಳ್ಳುವ ಕ್ರಮ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾಲೇಜುಗಳಲ್ಲಿ ದ್ವಿತೀಯ ಪಿಯುಸಿ ಮತ್ತು ಬಿ.ಎಸ್‌ಸಿ. ವಿದ್ಯಾರ್ಥಿಗಳ ಭೌತವಿಜ್ಞಾನದ ಉತ್ತರಪತ್ರಿಕೆ ನೋಡುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿದೆ. ಚಲಿಸುವ ಕಣಕ್ಕೂ ತರಂಗಾಂತರವಿದೆ, ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ ಭಾಗಿಸಿದರೆ ಅದು ಸಿಗುತ್ತದೆ ಎನ್ನುವ ಡಿ ಬ್ರಾಗ್ಲಿ ಸೂತ್ರವನ್ನು ಬಹುತೇಕ ಎಲ್ಲರೂ ಸರಿಯಾಗಿಯೇ ಬರೆದಿರುತ್ತಾರೆ. ಉತ್ತರ ಮಾತ್ರ ಹತ್ತುಪಟ್ಟೋ ನೂರುಪಟ್ಟೋ ತಪ್ಪಿರುತ್ತದೆ. ಉತ್ತರ ಸರಿ ಬಂದವರನ್ನು ‘ಇದು ಯಾವುದರ ಉದ್ದ?’ ಎಂದು ಕೇಳಿದರೆ ಕೆಲವರು ‘ಎಲೆಕ್ಟ್ರಾನಿನ ಗಾತ್ರ’ ಎನ್ನುತ್ತಾರೆ, ಇನ್ನು ಕೆಲವರು ‘ಎಲೆಕ್ಟ್ರಾನ್ ಅಂಕುಡೊಂಕಾಗಿ ಸಾಗುವಾಗಿನ ಒಂದು ಬಳುಕಿನ ಉದ್ದ’ ಎನ್ನುತ್ತಾರೆ. ಎರಡೂ ತಪ್ಪು. ಲೆಕ್ಕದ ತಪ್ಪಿಗೂ ಅರ್ಥದ ತಪ್ಪಿಗೂ ಬೇರು ಒಂದೇ: ಹಂತಗಳ ಕ್ರಮ ತಪ್ಪುವುದು. ಶಕ್ತಿಯಿಂದಲೋ ಆವರ್ತಾಂಕದಿಂದಲೋ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಸಂವೇಗ, ಆಮೇಲೆ ತರಂಗಾಂತರ, ಆಮೇಲೆ ಆ ತರಂಗಾಂತರವನ್ನು ಯಾವ ಅಂತರದೊಂದಿಗೆ ಹೋಲಿಸಬೇಕೆಂಬ ಪ್ರಶ್ನೆ, ಕೊನೆಗೆ ಅರ್ಥ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು.

ಕೈಯಲ್ಲಿ ಇರಬೇಕಾದವು

ಸೈಂಟಿಫಿಕ್ ಕ್ಯಾಲ್ಕುಲೇಟರ್, ಅಳತೆಪಟ್ಟಿ, ಒಂದು ಕೆಂಪು ಲೇಸರ್ ಪಾಯಿಂಟರ್ ಮತ್ತು ಒಂದು ಹಳೆಯ ಸಿ.ಡಿ. ಸಾಕು. ನಾಟಕ, ಭಜನೆ, ಜನಪದ ಹಾಡುಗಳ ಸಿ.ಡಿ.ಗಳು ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿ ಉಳಿದಿವೆ.

ಸ್ಥಿರಾಂಕಗಳು ಮೂರು. ಪ್ಲಾಂಕ್ ಸ್ಥಿರಾಂಕ 6.626 × 10⁻³⁴ ಜೂಲ್-ಸೆಕೆಂಡ್, ಎಲೆಕ್ಟ್ರಾನಿನ ದ್ರವ್ಯರಾಶಿ 9.109 × 10⁻³¹ ಕಿಲೋಗ್ರಾಂ, ಒಂದು ಎಲೆಕ್ಟ್ರಾನ್‌ವೋಲ್ಟ್ ಎಂದರೆ 1.602 × 10⁻¹⁹ ಜೂಲ್. ಇವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಕ್ಯಾಲ್ಕುಲೇಟರ್ ಬಗ್ಗೆ ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಹತ್ತುಪಟ್ಟು ತಪ್ಪುವ ಉತ್ತರಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ. ‘ಎಕ್ಸ್‌ಪಿ’ ಗುಂಡಿಯಲ್ಲಿ ‘10ರ ಘಾತ’ ಎಂಬುದು ಆಗಲೇ ಸೇರಿರುತ್ತದೆ. 6.626, ಗುಣಿಸು, 10, ಎಕ್ಸ್‌ಪಿ, ಮೈನಸ್ 34 ಎಂದು ಒತ್ತಿದರೆ ಯಂತ್ರ ಅದನ್ನು 6.626 × 10⁻³³ ಎಂದು ತಿಳಿಯುತ್ತದೆ. 6.626, ಎಕ್ಸ್‌ಪಿ, ಮೈನಸ್ 34 ಎಂದಷ್ಟೇ ಒತ್ತಬೇಕು. ಇನ್ನೊಂದು ತಪ್ಪು ಆವರಣ ಚಿಹ್ನೆಯದು: ಪ್ಲಾಂಕ್ ಸ್ಥಿರಾಂಕವನ್ನು ದ್ರವ್ಯರಾಶಿಯಿಂದ ಭಾಗಿಸಿ ಮುಂದೆ ‘ಗುಣಿಸು ವೇಗ’ ಎಂದು ಒತ್ತಿದರೆ ವೇಗ ಛೇದದಿಂದ ಅಂಶಕ್ಕೆ ಏರಿಬಿಡುತ್ತದೆ. ದ್ರವ್ಯರಾಶಿ ಮತ್ತು ವೇಗ ಎರಡನ್ನೂ ಆವರಣದೊಳಗೆ ಹಾಕಬೇಕು.

ಹಂತ 1: ಒಂದು ತರಂಗಾಂತರವನ್ನು ಕೈಯಾರೆ ಅಳೆಯಿರಿ

ಎಲೆಕ್ಟ್ರಾನಿಗೆ ಹೋಗುವ ಮೊದಲು ಬೆಳಕಿನ ತರಂಗಾಂತರವನ್ನು ಒಮ್ಮೆ ಅಳೆಯುವುದು ಒಳ್ಳೆಯದು. ಇದನ್ನು ಬಿಟ್ಟು ಮುಂದೆ ಹೋಗುವವರು ತರಂಗಾಂತರವನ್ನು ಯಾರೋ ಸ್ಕೇಲು ಹಿಡಿದು ಅಳೆದ ಉದ್ದವೆಂದೇ ನಂಬಿಕೊಂಡಿರುತ್ತಾರೆ.

ಕೋಣೆಯನ್ನು ಕತ್ತಲು ಮಾಡಿ. ಗೋಡೆಯಿಂದ 1 ಮೀಟರ್ ದೂರದಲ್ಲಿ, ಹೊಳೆಯುವ ಮುಖ ಗೋಡೆಯ ಕಡೆಗಿರುವಂತೆ ಸಿ.ಡಿ.ಯನ್ನು ನೆಟ್ಟಗೆ ನಿಲ್ಲಿಸಿ. ಗೋಡೆಯ ಬಳಿಯಿಂದ ಲೇಸರ್ ಕಿರಣವನ್ನು ಸಿ.ಡಿ.ಯ ಬಲ ಅಥವಾ ಎಡ ಭಾಗಕ್ಕೆ, ಅದರ ಕೇಂದ್ರದ ಎತ್ತರದಲ್ಲಿ, ನೇರವಾಗಿ ಬೀಳಿಸಿ. ಒಂದು ಚುಕ್ಕೆ ಲೇಸರ್‌ ಇರುವಲ್ಲಿಗೇ ಮರಳುತ್ತದೆ. ಅದರ ಎರಡೂ ಬದಿಗೆ ಇನ್ನೊಂದೊಂದು ಚುಕ್ಕೆ ಕಾಣುತ್ತದೆ. ಸಿ.ಡಿ.ಯ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ತರಂಗಾಂತರವನ್ನು ಈ ಅಂತರದಿಂದ ಭಾಗಿಸಿದರೆ ಪಕ್ಕದ ಚುಕ್ಕೆಯ ಕಿರಣ ಓರೆಯಾದ ಕೋನದ ಸೈನ್ ಬೆಲೆ ಸಿಗುತ್ತದೆ. 650 ನ್ಯಾನೊಮೀಟರ್ ಲೇಸರ್ ಆದರೆ ಅದು 0.406, ಕೋನ ಸುಮಾರು 24 ಡಿಗ್ರಿ. ಅಂದರೆ ಪಕ್ಕದ ಚುಕ್ಕೆ ನಡುವಿನ ಚುಕ್ಕೆಯಿಂದ ಸುಮಾರು 44 ಸೆಂಟಿಮೀಟರ್ ದೂರ ಬೀಳಬೇಕು. ನೀವು ಅಳೆದ ದೂರದಿಂದ ಹಿಂದಕ್ಕೆ ಲೆಕ್ಕ ಹಾಕಿ ತರಂಗಾಂತರವನ್ನು ಪಡೆಯಿರಿ.

ಚುಕ್ಕೆ ಎರಡು ಮೀಟರಿಗೆ ಸಮೀಪ ಹೋಗಿ ಬಿದ್ದರೆ ಕೈಯಲ್ಲಿರುವುದು ಸಿ.ಡಿ. ಅಲ್ಲ, ಡಿ.ವಿ.ಡಿ.; ಅದರ ಸಾಲುಗಳ ಅಂತರ 0.74 ಮೈಕ್ರೋಮೀಟರ್ ಮಾತ್ರ. ಕಿರಣವಾಗಲಿ, ಸಿ.ಡಿ.ಯಿಂದ ಮರಳಿದ ಹೊಳಪಾಗಲಿ ಯಾರ ಕಣ್ಣಿಗೂ ಬೀಳಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವರನ್ನು ಹೊರಗೆ ಕಳಿಸಿಯೇ ಇದನ್ನು ಮಾಡಬೇಕು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಬೆಳಕಿನ ಅಲೆಯನ್ನು ನೀವು ಕಣ್ಣಾರೆ ಕಾಣಲಿಲ್ಲ. ಗೊತ್ತಿದ್ದ ಒಂದು ಅಂತರವನ್ನು ಬೆಳಕಿನ ದಾರಿಗೆ ಇಟ್ಟಿರಿ, ಚುಕ್ಕೆಗಳು ಎಲ್ಲಿ ಬಿದ್ದವೆಂದು ನೋಡಿದಿರಿ, ತರಂಗಾಂತರವನ್ನು ಊಹಿಸಿ ತೆಗೆದಿರಿ. ಎಲೆಕ್ಟ್ರಾನಿನ ವಿಷಯದಲ್ಲೂ ಇದಕ್ಕಿಂತ ಬೇರೆ ದಾರಿಯಿಲ್ಲ.

ಹಂತ 2: ಕಣ ಯಾವುದೆಂದು ಮೊದಲು ಬರೆಯಿರಿ

ಪ್ರಶ್ನೆಯಲ್ಲಿರುವುದು ಬೆಳಕಿನ ಕಣವಾದ ಫೋಟಾನೋ, ದ್ರವ್ಯರಾಶಿಯುಳ್ಳ ಕಣವೋ? ಇದನ್ನು ಬರೆಯದೆ ಒಂದು ಅಂಕಿಯನ್ನೂ ಹಾಕಬೇಡಿ. ಸಂವೇಗ ಗೊತ್ತಿದ್ದರೆ ಎರಡಕ್ಕೂ ಸೂತ್ರ ಒಂದೇ. ಆದರೆ ಶಕ್ತಿಯಿಂದ ಸಂವೇಗಕ್ಕೆ ಹೋಗುವ ದಾರಿ ಎರಡಕ್ಕೂ ಬೇರೆ ಬೇರೆ. ಫೋಟಾನಿನ ಸಂವೇಗ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಸಿಗುತ್ತದೆ. ಹಾಗಾಗಿ 100 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಫೋಟಾನಿಗೆ 12.4 ನ್ಯಾನೊಮೀಟರ್ ಬರುತ್ತದೆ. ಅಷ್ಟೇ ಚಲನಶಕ್ತಿಯ ಎಲೆಕ್ಟ್ರಾನಿಗೆ ಬರುವುದು 0.1227 ನ್ಯಾನೊಮೀಟರ್. ‘1240 ಭಾಗಿಸು ಶಕ್ತಿ’ ಎಂಬ ಫೋಟಾನಿನ ಅಡ್ಡದಾರಿಯನ್ನು ಎಲೆಕ್ಟ್ರಾನಿಗೆ ಹಚ್ಚಿದವರ ಉತ್ತರ ಇಲ್ಲಿ ನೂರುಪಟ್ಟು ದೊಡ್ಡದಾಗುತ್ತದೆ. ಎಲೆಕ್ಟ್ರಾನಿನ ಉತ್ತರ ಹಲವು ನ್ಯಾನೊಮೀಟರ್ ಬಂದಿದೆ, ಆದರೆ ವೋಲ್ಟೇಜ್ ನೂರರ ಮೇಲಿದೆ ಎಂದರೆ ಈ ತಪ್ಪೇ ಆಗಿದೆ ಎಂದು ತಿಳಿಯಿರಿ.

ಹಂತ 3: ಸಂವೇಗ ಕಂಡುಹಿಡಿಯಿರಿ

ಇದೇ ಮುಖ್ಯ ಹಂತ. ಇಲ್ಲಿ ಅವಸರ ಮಾಡಬಾರದು. ವೇಗ ಕೊಟ್ಟಿದ್ದರೆ ದ್ರವ್ಯರಾಶಿಯಿಂದ ಗುಣಿಸಿದರೆ ಮುಗಿಯಿತು. ಹೆಚ್ಚಿನ ಪ್ರಶ್ನೆಗಳಲ್ಲಿ ವೇಗದ ಬದಲು ವೋಲ್ಟೇಜ್ ಕೊಟ್ಟಿರುತ್ತಾರೆ. ಆಗ ವೋಲ್ಟೇಜನ್ನು ಕಣದ ವಿದ್ಯುದಂಶದಿಂದ ಗುಣಿಸಿ ಚಲನಶಕ್ತಿಯನ್ನು ಜೂಲ್‌ಗಳಲ್ಲಿ ಬರೆಯಬೇಕು. ಆ ಶಕ್ತಿಯನ್ನು ದ್ರವ್ಯರಾಶಿಯ ಎರಡರಷ್ಟರಿಂದ ಗುಣಿಸಿ ವರ್ಗಮೂಲ ತೆಗೆದರೆ ಸಂವೇಗ.

100 ವೋಲ್ಟ್ ದಾಟಿ ಬಂದ ಎಲೆಕ್ಟ್ರಾನನ್ನು ಪೂರ್ತಿ ಮಾಡಿ ನೋಡೋಣ. ಚಲನಶಕ್ತಿ 1.602 × 10⁻¹⁷ ಜೂಲ್. ಇದನ್ನು 2 ಮತ್ತು 9.109 × 10⁻³¹ರಿಂದ ಗುಣಿಸಿದರೆ 2.918 × 10⁻⁴⁷. ಇಲ್ಲಿ ಘಾತ ಬೆಸಸಂಖ್ಯೆ. ಕೈಯಿಂದ ಲೆಕ್ಕ ಮಾಡುವವರು 47ನ್ನು ಅರ್ಧ ಮಾಡಲು ಹೋಗಿ 23 ಎಂದೋ 24 ಎಂದೋ ಬರೆದುಬಿಡುತ್ತಾರೆ. ಅದನ್ನು ಮೊದಲು 29.18 × 10⁻⁴⁸ ಎಂದು ಬದಲಿಸಿಕೊಂಡು ಆಮೇಲೆ ವರ್ಗಮೂಲ ತೆಗೆಯಬೇಕು. ಸಂವೇಗ 5.402 × 10⁻²⁴ ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್.

ಕಣ ಬದಲಾದಾಗ ಎಲ್ಲವನ್ನೂ ಹೊಸದಾಗಿ ಮಾಡಬೇಕಾಗಿಲ್ಲ, ಅನುಪಾತ ಸಾಕು. ಅದೇ ವೋಲ್ಟೇಜ್ ದಾಟಿದ ಪ್ರೋಟಾನಿನ ದ್ರವ್ಯರಾಶಿ 1836 ಪಟ್ಟು ಹೆಚ್ಚು, ಆದ್ದರಿಂದ ಸಂವೇಗ ಸುಮಾರು 43 ಪಟ್ಟು ಹೆಚ್ಚು. ಆಲ್ಫಾ ಕಣದಲ್ಲಿ ವಿದ್ಯುದಂಶವೂ ಎರಡರಷ್ಟು ಎಂಬುದನ್ನು ಮರೆಯುವವರು ಬಹಳ; ಪ್ರೋಟಾನಿಗೆ ಹೋಲಿಸಿದರೆ ಅದರ ಸಂವೇಗ 2 ಪಟ್ಟು ಅಲ್ಲ, 2.83 ಪಟ್ಟು.

ಹಂತ 4: ಸಾಪೇಕ್ಷತೆಯ ತಿದ್ದುಪಡಿ ಬೇಕೇ ಎಂದು ನೋಡಿ, ಆಮೇಲೆ ಭಾಗಿಸಿ

ಎಲೆಕ್ಟ್ರಾನಿನ ವಿಶ್ರಾಂತ ಶಕ್ತಿ, ಅಂದರೆ ನಿಂತಿರುವಾಗಲೂ ದ್ರವ್ಯರಾಶಿಯಿಂದಾಗಿಯೇ ಅದಕ್ಕಿರುವ ಶಕ್ತಿ, 511 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಚಲನಶಕ್ತಿಯನ್ನು ಇದರ ನಾಲ್ಕರಷ್ಟರಿಂದ ಭಾಗಿಸಿದರೆ ಸಾಮಾನ್ಯ ಸೂತ್ರದಿಂದ ಎಷ್ಟು ತಪ್ಪಾಗುತ್ತದೆಂಬ ಅಂದಾಜು ಸಿಗುತ್ತದೆ. 5 ಕಿಲೋವೋಲ್ಟಿಗೆ ತಪ್ಪು ಶೇ. 0.25ರಷ್ಟು, ಬಿಡಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ 100 ಕಿಲೋವೋಲ್ಟಿಗೆ ಶೇ. 5ರಷ್ಟು, ಸಾಮಾನ್ಯ ಸೂತ್ರ 3.88 ಪಿಕೋಮೀಟರ್ ಕೊಟ್ಟರೆ ನಿಜವಾದ ಬೆಲೆ 3.70. ಅಲ್ಲಿ ತಿದ್ದುಪಡಿ ಮಾಡಲೇಬೇಕು.

ಈಗ ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ ಭಾಗಿಸಿ. ನಮ್ಮ 100 ವೋಲ್ಟ್ ಎಲೆಕ್ಟ್ರಾನಿಗೆ 1.227 × 10⁻¹⁰ ಮೀಟರ್, ಅಂದರೆ 0.1227 ನ್ಯಾನೊಮೀಟರ್. ಪುಸ್ತಕಗಳಲ್ಲಿ ಕಾಣುವ ‘1.227 ಭಾಗಿಸು ವೋಲ್ಟೇಜಿನ ವರ್ಗಮೂಲ’ ಎಂಬ ಚಿಕ್ಕ ಸೂತ್ರ ಇದರಿಂದಲೇ ಬಂದದ್ದು. ಅದು ಎಲೆಕ್ಟ್ರಾನಿಗೆ ಮಾತ್ರ ಸಲ್ಲುತ್ತದೆ, ಉತ್ತರವನ್ನು ನ್ಯಾನೊಮೀಟರಿನಲ್ಲಿ ಕೊಡುತ್ತದೆ. ವೋಲ್ಟೇಜ್ ನಾಲ್ಕುಪಟ್ಟು ಮಾಡಿದಾಗ ತರಂಗಾಂತರ ಅರ್ಧವಾಗದೆ ಕಾಲುಭಾಗವಾಯಿತೆಂದರೆ ವರ್ಗಮೂಲ ಬಿಟ್ಟುಹೋಗಿದೆ.

ಹಂತ 5: ಯಾವ ಅಂತರದೊಂದಿಗೆ ಹೋಲಿಸಬೇಕು?

ತರಂಗಾಂತರದ ಸಂಖ್ಯೆ ಒಂದೇ ಇದ್ದರೆ ಏನನ್ನೂ ಹೇಳುವುದಿಲ್ಲ. ಕಣದ ದಾರಿಯಲ್ಲಿ ಇರುವ ಸೀಳು, ಸ್ಫಟಿಕದ ಪರಮಾಣುಗಳ ಅಂತರ ಅಥವಾ ಪೆಟ್ಟಿಗೆಯ ಅಗಲ ಎಷ್ಟು ಎಂದು ಕೇಳಿ, ಅದರೊಂದಿಗೆ ಹೋಲಿಸಿದಾಗಲೇ ಅದಕ್ಕೆ ಬೆಲೆ.

ಡೇವಿಸನ್ ಮತ್ತು ಗರ್ಮರ್ 1927ರಲ್ಲಿ ಪ್ರಕಟಿಸಿದ ಪ್ರಯೋಗದ ಅಂಕಿಗಳು ನಿಮ್ಮ ಲೆಕ್ಕವನ್ನು ಪರೀಕ್ಷಿಸಲು ಹೇಳಿಮಾಡಿಸಿದಂತಿವೆ. ನಿಕಲ್ ಸ್ಫಟಿಕದ ಮೇಲ್ಮೈ ಸಾಲುಗಳ ಅಂತರ 0.215 ನ್ಯಾನೊಮೀಟರ್, 54 ವೋಲ್ಟ್ ಎಲೆಕ್ಟ್ರಾನ್‌ಗಳು 50 ಡಿಗ್ರಿ ಕೋನದಲ್ಲಿ ಅತಿ ಹೆಚ್ಚು ಬಂದವು. ಅಂತರವನ್ನು ಕೋನದ ಸೈನ್ ಬೆಲೆಯಿಂದ ಗುಣಿಸಿದರೆ 0.165 ನ್ಯಾನೊಮೀಟರ್. ಸಂವೇಗದಿಂದ ಲೆಕ್ಕ ಹಾಕಿದರೆ 0.167. ಒಂದು ಸಂಖ್ಯೆ ಕೋನಮಾಪಕದಿಂದ ಬಂದದ್ದು, ಇನ್ನೊಂದು ವೋಲ್ಟ್‌ಮೀಟರಿನಿಂದ ಬಂದದ್ದು. ಎರಡೂ ಇಷ್ಟು ಹತ್ತಿರ ಬಂದು ನಿಲ್ಲುವುದೇ ದ್ರವ್ಯ ತರಂಗಕ್ಕಿರುವ ಪುರಾವೆ. ಸಿ.ಡಿ.ಯಲ್ಲಿ ಮಾಡಿದ ಲೆಕ್ಕವೇ ಇಲ್ಲಿಯೂ ಇದೆ.

ಎಲೆಕ್ಟ್ರಾನ್ ವಿವರ್ತನೆಯ (ಚಿಕ್ಕ ಅಂತರಗಳ ನಡುವೆ ಹಾಯ್ದ ತರಂಗ ಹರಡಿ ಪಟ್ಟೆ ಅಥವಾ ಉಂಗುರ ಮೂಡಿಸುವುದು) ನಳಿಕೆ ಇರುವ ಪ್ರಯೋಗಾಲಯಕ್ಕೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ನಳಿಕೆಯೊಳಗೆ ತೆಳುವಾದ ಗ್ರಾಫೈಟ್ ಪೊರೆ ಇರುತ್ತದೆ. ಹಸಿರು ಪರದೆಯ ಮೇಲೆ ಎರಡು ಉಂಗುರಗಳು ಮೂಡುತ್ತವೆ. ಪೊರೆಯಿಂದ ಪರದೆಗೆ 13.5 ಸೆಂಟಿಮೀಟರ್ ಇರುವ ನಳಿಕೆಯಲ್ಲಿ 4 ಕಿಲೋವೋಲ್ಟಿಗೆ ಒಳ ಉಂಗುರದ ವ್ಯಾಸ ಸುಮಾರು 2.5 ಸೆಂಟಿಮೀಟರ್, ಹೊರ ಉಂಗುರದ್ದು ಸುಮಾರು 4.3 ಸೆಂಟಿಮೀಟರ್. ವೋಲ್ಟೇಜ್ ಏರಿಸುತ್ತ ಹೋದಂತೆ ಉಂಗುರಗಳು ಕುಗ್ಗುತ್ತವೆ. ಅದನ್ನು ಕಣ್ಣಾರೆ ನೋಡಿದವರು ಸಂವೇಗ ಹೆಚ್ಚಿದರೆ ತರಂಗಾಂತರ ಇಳಿಯುತ್ತದೆಂಬುದನ್ನು ಮತ್ತೆ ಮರೆಯುವುದಿಲ್ಲ. ಪೊರೆಯ ಮೇಲೆ ಕೆಂಪಗೆ ಕಾದ ಚುಕ್ಕೆ ಕಂಡರೆ ಕೂಡಲೇ ವಿದ್ಯುತ್‌ಪ್ರವಾಹ ತಗ್ಗಿಸಬೇಕು, ಇಲ್ಲದಿದ್ದರೆ ಪೊರೆ ತೂತಾಗುತ್ತದೆ. ಕಿಲೋವೋಲ್ಟುಗಳ ತಂತಿಗಳನ್ನು ಸ್ವಿಚ್ ಆರಿಸದೆ ಮುಟ್ಟುವಂತಿಲ್ಲ.

ನ್ಯೂಟ್ರಾನಿಗೂ ಇದೇ ಮಾತು. ಸೆಕೆಂಡಿಗೆ 2200 ಮೀಟರ್ ವೇಗದ ನ್ಯೂಟ್ರಾನಿನ ತರಂಗಾಂತರ 0.18 ನ್ಯಾನೊಮೀಟರ್, ಸ್ಫಟಿಕಗಳ ಒಳ ಅಂತರಕ್ಕೆ ಸರಿಸಮ. ಟ್ರಾಂಬೆಯ ಧ್ರುವ ರಿಯಾಕ್ಟರಿನ ನ್ಯೂಟ್ರಾನ್‌ಗಳಿಂದ ಸ್ಫಟಿಕಗಳ ಒಳರಚನೆಯನ್ನು ಅಭ್ಯಸಿಸುವುದು ಇದೇ ಕಾರಣದಿಂದ ಸಾಧ್ಯವಾಗಿದೆ.

ಇನ್ನು ಒಂದು ಬಿಳಿಜೋಳದ ಕಾಳನ್ನು ತೆಗೆದುಕೊಳ್ಳಿ. ತೂಕ ಸುಮಾರು 30 ಮಿಲಿಗ್ರಾಂ. ಮೀಟರ್ ಎತ್ತರದ ಕಟ್ಟೆಯಿಂದ ಬಿದ್ದು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 4.4 ಮೀಟರ್, ತರಂಗಾಂತರ ಸುಮಾರು 5 × 10⁻³⁰ ಮೀಟರ್. ಪರಮಾಣುವಿನ ಬೀಜಕೇಂದ್ರವೇ 10⁻¹⁵ ಮೀಟರಿನ ಆಸುಪಾಸಿನದು. ಇಷ್ಟು ಚಿಕ್ಕ ತರಂಗಾಂತರಕ್ಕೆ ತಕ್ಕ ಸೀಳನ್ನು ಮಾಡಲು ಯಾವ ವಸ್ತುವೂ ಇಲ್ಲ. ‘ದೊಡ್ಡ ವಸ್ತುಗಳಿಗೆ ದ್ರವ್ಯ ತರಂಗವಿಲ್ಲ’ ಎಂದು ಉತ್ತರದಲ್ಲಿ ಬರೆಯಬಾರದು. ಸೂತ್ರ ಕಾಳಿಗೂ ಸಲ್ಲುತ್ತದೆ, ಹೋಲಿಸಲು ಅಂತರ ಸಿಗುವುದಿಲ್ಲ ಎಂದು ಬರೆಯಬೇಕು.

ಹಂತ 6: ಅರ್ಥ

ಇಲ್ಲಿಯವರೆಗಿನ ಕೆಲಸ ಮಾಡಿದವರು ಮಾತ್ರ ಈ ಹಂತಕ್ಕೆ ಬರಬೇಕು. ಲೆಕ್ಕವಿಲ್ಲದೆ ಅರ್ಥ ಹುಡುಕಲು ಹೊರಟವರ ಕೈಗೆ ಬರೀ ಚಿತ್ರಗಳು ಸಿಗುತ್ತವೆ.

ಕ್ವಾಂಟಂ ಭೌತವಿಜ್ಞಾನದಲ್ಲಿ ಕಣದ ಸ್ಥಿತಿಯನ್ನು ತರಂಗ ಫಲನ ಹೇಳುತ್ತದೆ. ಪ್ರತಿಯೊಂದು ಜಾಗದಲ್ಲೂ ಅದಕ್ಕೆ ಒಂದು ಪ್ರಮಾಣ, ಒಂದು ಕೋನ ಇರುತ್ತವೆ. ಆ ಕೋನಕ್ಕೆ ಪ್ರಾವಸ್ಥೆ ಎನ್ನುತ್ತೇವೆ. ನಿಶ್ಚಿತ ಸಂವೇಗವುಳ್ಳ ಕಣದಲ್ಲಿ ಚಲನೆಯ ದಿಕ್ಕಿಗೆ ಮುಂದೆ ಮುಂದೆ ಹೋದಂತೆ ಈ ಕೋನ ಒಂದೇ ಸಮನೆ ತಿರುಗುತ್ತದೆ. ಅದು ಪೂರ್ತಿ ಒಂದು ಸುತ್ತು ತಿರುಗಲು ಬೇಕಾದ ದೂರವೇ ತರಂಗಾಂತರ.

ಚಕ್ಕಡಿಯ ಗಾಲಿಯ ಅಂಚಿಗೆ ಸುಣ್ಣದ ಗುರುತು ಹಾಕಿ ಉರುಳಿಸಿದರೆ, ಆ ಗುರುತು ಒಮ್ಮೆ ನೆಲ ಮುಟ್ಟಿದ ಜಾಗದಿಂದ ಮತ್ತೊಮ್ಮೆ ಮುಟ್ಟುವ ಜಾಗದವರೆಗಿನ ದೂರ ಗಾಲಿಯ ಸುತ್ತಳತೆಗೆ ಸಮ. ಅದು ಚಕ್ಕಡಿಯ ಉದ್ದವಲ್ಲ, ಮೇಲೆ ಹೇರಿದ ಕಬ್ಬಿನ ಉದ್ದವೂ ಅಲ್ಲ, ಚಕ್ಕಡಿ ಅಡ್ಡಾದಿಡ್ಡಿ ಹೋಯಿತೆಂಬುದರ ಗುರುತೂ ಅಲ್ಲ. ಸಂವೇಗ ಹೆಚ್ಚಿದಷ್ಟೂ ಗಾಲಿ ಚಿಕ್ಕದು ಎಂದು ಇಟ್ಟುಕೊಳ್ಳಬಹುದು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಎಲೆಕ್ಟ್ರಾನಿನ ದಾರಿಯಲ್ಲಿ ಯಾವ ವಸ್ತುವೂ ತಿರುಗುತ್ತಿಲ್ಲ.

ಗಾತ್ರದ ಭ್ರಮೆಯನ್ನು ಕಳೆಯಲು ಒಂದು ಪ್ರಯೋಗ ಸಾಕು. 1999ರಲ್ಲಿ ವಿಯೆನ್ನಾದಲ್ಲಿ 60 ಇಂಗಾಲದ ಪರಮಾಣುಗಳಿರುವ ಫುಲರೀನ್ ಅಣುಗಳ ವಿವರ್ತನೆಯನ್ನು ತೋರಿಸಿದರು. ಅಣುವಿನ ವ್ಯಾಸ ಸುಮಾರು 0.7 ನ್ಯಾನೊಮೀಟರ್, ಅದರ ತರಂಗಾಂತರ ಸುಮಾರು 0.0025 ನ್ಯಾನೊಮೀಟರ್. ಅಣುವಿನ ಗಾತ್ರದ ಇನ್ನೂರೈವತ್ತರಲ್ಲಿ ಒಂದು ಪಾಲೂ ಇಲ್ಲದ ತರಂಗಾಂತರವನ್ನು ಅಣುವಿನ ಉದ್ದ ಎನ್ನಲು ಬರುವುದಿಲ್ಲ.

ಎಲೆಕ್ಟ್ರಾನ್ ಎಲ್ಲಿ ಸಿಕ್ಕೀತೆಂಬ ಸಂಭಾವ್ಯತೆಯನ್ನು ಕೊಡುವುದು ತರಂಗ ಫಲನದ ಪ್ರಮಾಣದ ವರ್ಗ. ಅದರಲ್ಲಿ ಕೋನ ಅಳಿಸಿಹೋಗುತ್ತದೆ. ಆದ್ದರಿಂದ ನಿಶ್ಚಿತ ಸಂವೇಗದ ಒಂಟಿ ತರಂಗದಲ್ಲಿ ಸಂಭಾವ್ಯತೆ ಎಲ್ಲೆಡೆಯೂ ಒಂದೇ. ಅಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಎಲೆಕ್ಟ್ರಾನಿನ ಸಂಭಾವ್ಯತೆ ಎಂದು ಅಲೆಅಲೆಯಾದ ಗೆರೆ ಎಳೆಯುವವರು ಇಲ್ಲಿ ಎಡವುತ್ತಾರೆ. ತರಂಗಾಂತರ ಬಯಲಿಗೆ ಬರುವುದು ಎರಡು ದಾರಿಗಳು ಕೂಡಿದಾಗ. ದಾರಿಗಳ ಉದ್ದದ ವ್ಯತ್ಯಾಸ ಒಂದು ಪೂರ್ತಿ ತರಂಗಾಂತರವಾದರೆ ಕೋನಗಳು ಒಂದಾಗಿ ಎಲೆಕ್ಟ್ರಾನ್‌ಗಳು ಹೆಚ್ಚು ಸಿಗುತ್ತವೆ. ಅರ್ಧವಾದರೆ ಎದುರುಬದುರಾಗಿ ಅಳಿಸಿಹೋಗುತ್ತವೆ. 1989ರಲ್ಲಿ ಅಕಿರಾ ಟೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿಯೇ ಕಳಿಸಿದರು. ಪ್ರತಿಯೊಂದೂ ಪರದೆಯ ಮೇಲೆ ಒಂದೇ ಚುಕ್ಕೆಯಾಗಿ ಬಿತ್ತು. ಸಾವಿರಾರು ಚುಕ್ಕೆಗಳು ಕೂಡಿದ ಮೇಲೆ ಪಟ್ಟೆಗಳು ಮೂಡಿದವು. ಒಂದು ಎಲೆಕ್ಟ್ರಾನ್ ಇನ್ನೊಂದರ ಜೊತೆ ಸೇರಿ ಅಲೆಯಾಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಎಲೆಕ್ಟ್ರಾನಿನಲ್ಲಿ ಮಾತ್ರ ಸಂಭಾವ್ಯತೆಗೆ ಉಬ್ಬುಗಳಿವೆ, ಏಕೆಂದರೆ ಅಲ್ಲಿ ಹೋಗುವ ತರಂಗ ಮತ್ತು ಮರಳುವ ತರಂಗ ಕೂಡಿರುತ್ತವೆ. ಎರಡು ಉಬ್ಬುಗಳ ನಡುವಿನ ದೂರ ಅರ್ಧ ತರಂಗಾಂತರ. ಅದನ್ನೇ ಪೂರ್ತಿ ತರಂಗಾಂತರವೆಂದು ಬರೆದರೆ ಶಕ್ತಿ ನಾಲ್ಕುಪಟ್ಟು ಹೆಚ್ಚಾಗಿ ಬರುತ್ತದೆ.

ಇನ್ನೊಂದು ಮಾತು ಪುಸ್ತಕಗಳಲ್ಲಿ ವಿರಳ, ಆದರೆ ನನ್ನ ಅಭಿಪ್ರಾಯದಲ್ಲಿ ಅರ್ಥಕ್ಕೆ ಇದೇ ಹೆಚ್ಚು ನೆರವಾಗುತ್ತದೆ. ಆಲಮಟ್ಟಿ ಜಲಾಶಯದ ಅಲೆಗಳನ್ನು ದಂಡೆಯ ಮೇಲೆ ನಿಂತವನೂ ದೋಣಿಯಲ್ಲಿ ಹೋಗುವವನೂ ಅಳೆದರೆ, ಎರಡು ಅಲೆಗಳ ನಡುವಿನ ಅಂತರ ಇಬ್ಬರಿಗೂ ಒಂದೇ ಬರುತ್ತದೆ. ಎಲೆಕ್ಟ್ರಾನಿನ ತರಂಗಾಂತರ ಹಾಗಲ್ಲ. ಅದರ ಜೊತೆಜೊತೆಗೆ ಅದೇ ವೇಗದಲ್ಲಿ ಸಾಗುವವನ ಪಾಲಿಗೆ ಸಂವೇಗ ಸೊನ್ನೆ, ತರಂಗಾಂತರ ಅನಂತ. ನೋಡುವವನ ವೇಗಕ್ಕೆ ತಕ್ಕಂತೆ ಬದಲಾಗುವ ಈ ಉದ್ದ ನೀರಿನ ಅಲೆಯಂತೆ ಯಾವುದೋ ವಸ್ತುವಿನ ಉಬ್ಬರವಾಗಿರಲು ಸಾಧ್ಯವಿಲ್ಲ. ಆದರೆ ಪರದೆಯ ಮೇಲೆ ಪಟ್ಟೆ ಎಲ್ಲಿ ಬೀಳುತ್ತದೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರುವುದಿಲ್ಲ. ಆದ್ದರಿಂದ ಪ್ರತಿ ಲೆಕ್ಕದಲ್ಲೂ ‘ಯಾರಿಗೆ ಹೋಲಿಸಿದ ವೇಗ?’ ಎಂದು ಕೇಳಬೇಕು. ಉತ್ತರ ಸಾಮಾನ್ಯವಾಗಿ ‘ಸೀಳು ಅಥವಾ ಸ್ಫಟಿಕಕ್ಕೆ ಹೋಲಿಸಿದ್ದು’ ಎಂದಿರುತ್ತದೆ.

ಹಂತ 7: ತರಂಗದ ವೇಗ ಕೇಳಿದಾಗ

ಕೊನೆಯ ಗುಂಡಿ ಇದು, ಬಿ.ಎಸ್‌ಸಿ.ಯವರೂ ಬೀಳುತ್ತಾರೆ. ಚಲನಶಕ್ತಿಯನ್ನು ಪ್ಲಾಂಕ್ ಸ್ಥಿರಾಂಕದಿಂದ ಭಾಗಿಸಿ ಆವರ್ತಾಂಕ ತೆಗೆದು, ತರಂಗಾಂತರದಿಂದ ಗುಣಿಸಿದರೆ ತರಂಗದ ವೇಗ ಎಲೆಕ್ಟ್ರಾನಿನ ವೇಗದ ಅರ್ಧ ಬರುತ್ತದೆ. ವಿಶ್ರಾಂತ ಶಕ್ತಿಯನ್ನೂ ಸೇರಿಸಿದರೆ ನಮ್ಮ 100 ವೋಲ್ಟ್ ಎಲೆಕ್ಟ್ರಾನಿಗೆ ಅದು ಬೆಳಕಿನ ವೇಗದ ಸುಮಾರು 50 ಪಟ್ಟು! ಲೆಕ್ಕ ಎರಡರಲ್ಲೂ ತಪ್ಪಿಲ್ಲ. ಶಕ್ತಿಯನ್ನು ಎಲ್ಲಿಂದ ಅಳೆಯಲು ಶುರು ಮಾಡುತ್ತೇವೆಂಬುದನ್ನು ಅವಲಂಬಿಸಿ ಆವರ್ತಾಂಕ ಬದಲಾಗುತ್ತದೆ. ತರಂಗಾಂತರಕ್ಕೆ ಆ ತೊಡಕಿಲ್ಲ. ಆವರ್ತಾಂಕದಿಂದ ಶುರು ಮಾಡಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಆವರ್ತಾಂಕವನ್ನು ತರಂಗಾಂತರದಿಂದ ಗುಣಿಸಿದಾಗ ಬರುವ ವೇಗಕ್ಕೆ ಪ್ರಾವಸ್ಥಾ ವೇಗ ಎನ್ನುತ್ತಾರೆ. ಆ ವೇಗದಲ್ಲಿ ಎಲೆಕ್ಟ್ರಾನ್ ಸಾಗುವುದಿಲ್ಲ.

ನಿಜವಾದ ಎಲೆಕ್ಟ್ರಾನ್ ಒಂದೇ ತರಂಗಾಂತರದ್ದಲ್ಲ, ಹತ್ತಿರ ಹತ್ತಿರದ ಹಲವು ತರಂಗಾಂತರಗಳ ಕಟ್ಟು. ಅದರ ಸ್ಥಾನದ ಅನಿಶ್ಚಿತತೆ 1 ನ್ಯಾನೊಮೀಟರ್ ಎಂದಾದರೆ ಸಂವೇಗದ ಅನಿಶ್ಚಿತತೆ 5.3 × 10⁻²⁶ಕ್ಕಿಂತ ಕಡಿಮೆಯಾಗಲಾರದು, ಅಂದರೆ ಹಂತ 3ರಲ್ಲಿ ತೆಗೆದ ಸಂವೇಗದ ಶೇ. 1ರಷ್ಟು, ತರಂಗಾಂತರದಲ್ಲೂ ಅಷ್ಟೇ ಹರವು. ಆ ಕಟ್ಟು ಸಾಗುವ ವೇಗಕ್ಕೆ ಗುಂಪು ವೇಗ ಎನ್ನುತ್ತಾರೆ. ಸಂವೇಗವನ್ನು ಸ್ವಲ್ಪ ಬದಲಿಸಿದಾಗ ಶಕ್ತಿ ಎಷ್ಟು ಬದಲಾಗುತ್ತದೆಂದು ನೋಡಿ, ಶಕ್ತಿಯ ಬದಲಾವಣೆಯನ್ನು ಸಂವೇಗದ ಬದಲಾವಣೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ವಿಶ್ರಾಂತ ಶಕ್ತಿ ಸೇರಿಸಿದರೂ ಬಿಟ್ಟರೂ ಇಲ್ಲಿ ಬರುವ ಉತ್ತರ ಒಂದೇ: ಸೆಕೆಂಡಿಗೆ 5.93 × 10⁶ ಮೀಟರ್, ಅಂದರೆ ಎಲೆಕ್ಟ್ರಾನಿನದೇ ವೇಗ. ಬೇರೆ ಸಂಖ್ಯೆ ಬಂದರೆ ಹಂತ 3ಕ್ಕೆ ಮರಳಿ ಸಂವೇಗವನ್ನು ಇನ್ನೊಮ್ಮೆ ತೆಗೆಯಿರಿ.